ಕಾಗೆ ಕಣ್ಣಿಗೆ ಬಿದ್ದ ಮೀಸೆ

ಗೇಟು ಕಿರ್ರೆಂದರೆ ಸಾಕು, ಪಕ್ಕದ ಮರದ ಮೇಲಿದ್ದ ಕಾಗೆ ಕತ್ತು ಓರೆ ಮಾಡಿ ನೋಡುತ್ತಿತ್ತು. ಹಾಲಿನವನು ಬಂದರೆ ಸುಮ್ಮನಿರುತ್ತಿತ್ತು. ಪೇಪರಿನವನು ಬಂದರೆ ಕೊಕ್ಕಿನಿಂದ ರೆಕ್ಕೆ ತೀಡಿಕೊಳ್ಳುತ್ತಿತ್ತು. ಮೀಸೆಯವರು ಹೊರಗೆ ಕಾಲಿಟ್ಟರೆ ಮಾತ್ರ, ಮಾಡಿನಿಂದ ಹಂಚು ಜಾರಿದ ಹಾಗೆ ನೆಟ್ಟಗೆ ಅವರ ತಲೆಯ ಮೇಲೆ ಬೀಳುತ್ತಿತ್ತು.

ಬೀದಿಗೆಲ್ಲ ಅವರು ಮೀಸೆಯವರು. ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತರು. ಬೂಟ್ ಪಾಲಿಶ್ ಬ್ರಶ್ಶನ್ನು ಮೂಗಿನ ಕೆಳಗೆ ಅಡ್ಡ ಇಟ್ಟ ಹಾಗಿದ್ದ ಆ ಮೀಸೆ ನೋಡಿ ಹೊಸಬರು ಹೆದರುತ್ತಿದ್ದರು. ಅದರ ಹಿಂದಿದ್ದ ಮನುಷ್ಯನೋ, ಅಂಗಡಿಯಲ್ಲಿ ಕೊಳೆತ ಟೊಮೇಟೊ ಕೊಟ್ಟರೂ "ಪರವಾಗಿಲ್ಲ ಬಿಡಿ" ಎಂದು ತರುವಷ್ಟು ಮೆತ್ತಗಿನವರು.

ಅವರು ಮಾಡಿದ್ದ ತಪ್ಪಾದರೂ ಏನು? ಹೋದ ವಾರ ಮರದ ಬುಡದಲ್ಲಿ ಕಾಗೆಮರಿಯೊಂದು ಬಿದ್ದು ಒದ್ದಾಡುತ್ತಿತ್ತು. ಬೆಕ್ಕಿನ ಬಾಯಿಗೆ ಬೀಳಬಾರದೆಂದು ಅದನ್ನು ಕರವಸ್ತ್ರದಲ್ಲಿ ಎತ್ತಿ ಕೆಳಗಿನ ಕೊಂಬೆಯ ಮೇಲೆ ಕೂರಿಸಿದ್ದರು. ಅಷ್ಟೇ. ಅಂದಿನಿಂದ ತಾಯಿ ಕಾಗೆ ಬೇರೆ ಕೆಲಸವೇ ಇಲ್ಲದಂತೆ ಇವರ ಬೆನ್ನು ಹತ್ತಿತ್ತು.

"ಉಪಕಾರ ಮಾಡಿದ್ದಕ್ಕೆ ಕುಕ್ಕುತ್ತಲ್ಲೇ ಇದು!" ಎಂದು ಅವರು ಹೆಂಡತಿಯ ಹತ್ತಿರ ಗೋಳಾಡಿಕೊಂಡರು. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಗಂಡನ ನೆತ್ತಿಗೆ ಔಷಧ ಹಚ್ಚುತ್ತ, "ಕಾಗೆಗೆ ನೀವು ಎತ್ತಿದ್ದು ಕಂಡಿದೆ, ಕೂರಿಸಿದ್ದು ಕಂಡಿಲ್ಲ" ಎಂದಳು.

ನೆತ್ತಿಯ ಗಾಯ ಹೇಗೋ ಮಾಯುತ್ತಿತ್ತು. ಚಿಂತೆ ಇದ್ದದ್ದು ಕಚೇರಿಯದು. ಅಲ್ಲಿ ಹಾಜರಿ ಪುಸ್ತಕ ಹೋಗಿ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂದಿತ್ತು. ತಡವಾದರೆ ಕೆಂಪು ದೀಪ. ಕಾಗೆಯ ದೆಸೆಯಿಂದ ಮೀಸೆಯವರಿಗೆ ಆಗಲೇ ಎರಡು ಸಲ ಕೆಂಪು ದೀಪ ಬಿದ್ದಿತ್ತು. ಇನ್ನೊಂದು ಬಿದ್ದರೆ ಊರಾಚೆಯ ಗೋದಾಮಿಗೆ ವರ್ಗ ಎಂದು ಸಾಹೇಬರು ಖಡಾಖಂಡಿತ ಹೇಳಿಬಿಟ್ಟಿದ್ದರು. ಗೋದಾಮಿಗೆ ಹೋದವರು ಮನೆ ಸೇರುವುದು ಕತ್ತಲಾದ ಮೇಲೆ. ಅಷ್ಟರಲ್ಲಿ ಹೆಂಡತಿ ಪಾಳಿಗೆ ಹೊರಟಿರುತ್ತಾಳೆ. ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವ ಆ ಒಂದು ಗಳಿಗೆಯೂ ಇಲ್ಲವಾಗಿ, ಗಂಡಹೆಂಡಿರ ಸಂಬಂಧ ಬಾಗಿಲ ಬೀಗದ ಕೈ ಬದಲಾಯಿಸಿಕೊಳ್ಳುವಷ್ಟಕ್ಕೇ ಉಳಿಯುತ್ತದೆ.

ಆದ್ದರಿಂದ ಅಂದು ಮೀಸೆಯವರು ದಿನಕ್ಕಿಂತ ಬೇಗ ಹೊರಟರು. ಕೈಯಲ್ಲಿ ಬಿಚ್ಚಿದ ಕೊಡೆ. ಗೇಟು ಕಿರ್ರೆಂದಿತು. ಕಾಗೆ ಬಂದು ಕೊಡೆಯ ಮೇಲೆ ಕೂತಿತು. ಕೂತು, ಬಗ್ಗಿ, ಅಂಚಿನಿಂದ ತಲೆಕೆಳಗಾಗಿ ಇಣುಕಿತು. ಕಣ್ಣಿಗೆ ಕಣ್ಣು ಕೂಡಿದ್ದೇ ತಡ, ಮೀಸೆಯವರು ಕೊಡೆಯನ್ನು ಅಲ್ಲೇ ಬಿಟ್ಟು ಮನೆಯೊಳಗೆ ಓಡಿದರು.

ಮಹಡಿಯ ಮೇಲೆ ಬಾಡಿಗೆಗಿದ್ದ ಟೈಲರ್ ಅಕ್ಕ ಇದನ್ನೆಲ್ಲ ನೋಡಿ ಹೊಲಿಗೆ ಯಂತ್ರ ಬಿಟ್ಟು ಇಳಿದು ಬಂದಳು. "ಅಣ್ಣಾ, ನಿನ್ನೆಯಿಂದ ನಿಮಗೇ ಅಂತ ಕೂತು ಇದನ್ನ ಹೊಲಿದೆ. ಹಾಕ್ಕೊಳ್ಳಿ." ಅದೊಂದು ಟೊಪ್ಪಿಗೆ. ಒಳಗೆ ಹತ್ತಿ ತುಂಬಿ ದಿಂಬಿನಷ್ಟು ದಪ್ಪ. ಹಿಂಬದಿಗೆ ದೊಡ್ಡ ಕೋಟಿನ ಗುಂಡಿಗಳೆರಡನ್ನು ಕಣ್ಣಿನ ಹಾಗೆ ಹೊಲಿದು, ಮೇಲೆ ಕಪ್ಪು ದಾರದಲ್ಲಿ ಹುಬ್ಬನ್ನೂ ಬಿಡಿಸಿದ್ದಳು.

"ಹುಬ್ಬು ಯಾಕಮ್ಮಾ?"

"ಸ್ವಲ್ಪ ಸಿಟ್ಟಿನ ಮುಖ ಇರಲಿ ಅಂತ. ನಿಮ್ಮ ಮುಖದಲ್ಲಿ ಸಿಟ್ಟೇ ಬರಲ್ಲವಲ್ಲ. ಹಿಂದಿನಿಂದಲೂ ನೋಡ್ತಿದೀರಿ ಅಂದ್ಕೊಂಡು ಹೆದರುತ್ತೆ."

ಅಷ್ಟು ಅಕ್ಕರೆಯಿಂದ ಹೊಲಿದದ್ದನ್ನು ಬೇಡವೆನ್ನಲು ಮೀಸೆಯವರಿಂದ ಆಗಲಿಲ್ಲ. ಹಾಕಿಕೊಂಡು ಹೊರಟರು. ಕಾಗೆ ಹಿಂದಿನಿಂದ ಬಂದು, ಒಂದು ಕಣ್ಣನ್ನು ದಾರಸಮೇತ ಕಿತ್ತುಕೊಂಡು ಹೋಗಿ ಗೂಡಿನಲ್ಲಿಟ್ಟುಕೊಂಡಿತು. ಇನ್ನೊಂದು ಕಣ್ಣಿಗೆ ಮತ್ತೆ ಬಂತು.

"ಛೆ, ಕೋಟಿನ ಗುಂಡಿ, ಜೋಡಿ ಒಡೆದು ಹೋಯ್ತು" ಎಂದು ಅಕ್ಕ ಮರುಗಿದಳು.

ಎದುರುಮನೆಯ ಜಗಲಿಯಿಂದ ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಇಡೀ ಬೀದಿಯನ್ನು ಸಾಲಾಗಿ ನಿಲ್ಲಿಸುವ ಚಪಲ ಅವರಿಗೆ ಹೋಗಿರಲಿಲ್ಲ. "ಮೀಸೆಯವರೇ, ತಪ್ಪು ನಿಮ್ಮದು! ಓಡ್ತೀರಿ, ಅದು ಅಟ್ಟಿಸ್ಕೊಂಡು ಬರುತ್ತೆ. ಎದೆ ಮುಂದೆ, ಗಲ್ಲ ಮೇಲೆ! ಕಣ್ಣಲ್ಲಿ ಕಣ್ಣಿಟ್ಟು ನಡೀರಿ. ಲೆಫ್ಟ್! ರೈಟ್!"

"ಮೇಷ್ಟ್ರೇ, ಹೊತ್ತಾಗ್ತಿದೆ..."

"ಲೆಫ್ಟ್!"

ಮೀಸೆಯವರು ಎಡಗಾಲು ಎತ್ತಿದರು. ಎದೆ ಮುಂದೆ ಮಾಡಿ, ಗಲ್ಲ ಮೇಲೆ ಮಾಡಿ, ಕಾಗೆಯ ಕಣ್ಣಲ್ಲಿ ಕಣ್ಣಿಟ್ಟರು. ಕಣ್ಣು ಮೇಲಿದ್ದುದರಿಂದ ಕಾಲಡಿಯಲ್ಲಿ ಬಿದ್ದಿದ್ದ ಸ್ವಂತ ಕೊಡೆ ಕಾಣಲಿಲ್ಲ. ಮುಗ್ಗರಿಸಿ, ಅಂಗೈ ಊರಿ ನಾಲ್ಕು ಕಾಲಿನ ಪ್ರಾಣಿಯ ಹಾಗೆ ನಿಂತಾಗ ಕಾಗೆಗೆ ಇಡೀ ಬೆನ್ನು ಸಿಕ್ಕಿತು.

"ರೈಟ್ ಹಾಕುವಾಗ ತಪ್ಪಿದ್ರಿ" ಎಂದರು ಮೇಷ್ಟ್ರು.

ಗದ್ದಲಕ್ಕೆ ಆಗಷ್ಟೇ ಮಲಗಿದ್ದ ಹೆಂಡತಿ ಎದ್ದು ಬಂದಳು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು ಅರ್ಧ ಮುಚ್ಚಿಕೊಂಡೇ ಗಂಡನ ಮೊಣಕೈಯ ಮಣ್ಣು ಒರೆಸಿದಳು. "ಏನ್ರೀ, ಕಾಗೆಗಳು ಮುಖದ ಗುರುತು ಮರೆಯಲ್ವಂತೆ. ಕೊಡೆ, ಟೊಪ್ಪಿಗೆ ಎಲ್ಲ ದಂಡ. ಮುಖವನ್ನೇ ಬದಲಾಯಿಸಬೇಕು ಅಷ್ಟೇ" ಎಂದು ಆಕಳಿಸಿದಳು.

ಮೇಷ್ಟ್ರು ರಸ್ತೆ ದಾಟಿ ಬಂದೇಬಿಟ್ಟರು. ತಮ್ಮ ನುಣುಪು ಮೇಲ್ದುಟಿಯ ಮೇಲೆ ಬೆರಳಾಡಿಸುತ್ತ, "ಅದಕ್ಕೇ ಹೇಳ್ತೀನಿ, ಮೀಸೆ ತೆಗೆದುಬಿಡಿ. ಹೋದ ವಾರ ಸೆಕೆ ಅಂತ ನಾನೂ ತೆಗೆದೆ ನೋಡಿ. ಎಷ್ಟು ಹಗುರ! ಗಾಳಿ ಸರಾಗವಾಗಿ ಆಡುತ್ತೆ" ಎಂದರು. ಅವರ ಮೀಸೆಯೂ ಹೋದ ವಾರದವರೆಗೆ ಮೀಸೆಯವರ ಮೀಸೆಗೆ ಅಣ್ಣನಂತಿತ್ತು.

ಗಡಿಯಾರ ಓಡುತ್ತಿತ್ತು. ಮೀಸೆಯವರು ಕನ್ನಡಿಯ ಮುಂದೆ ನಿಂತರು. ಮದುವೆಗೆ ಮೊದಲಿನಿಂದ ಜೊತೆಗಿದ್ದ ಮೀಸೆ. ಕತ್ತರಿ ಕೈಗೆತ್ತಿಕೊಂಡು ಹೆಂಡತಿಯ ಮುಖ ನೋಡಿದರು. ಅವಳು ಉದುರುವ ಕೂದಲು ನೆಲಕ್ಕೆ ಬೀಳದ ಹಾಗೆ ಒಂದು ಹಳೆಯ ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ಹತ್ತು ನಿಮಿಷದಲ್ಲಿ ಗೇಟು ಮತ್ತೆ ಕಿರ್ರೆಂದಿತು. ಕಾಗೆ ಕತ್ತು ಓರೆ ಮಾಡಿತು. ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖವೊಂದು ಗೇಟಿನಿಂದ ಹೊರಬಂತು. ಕಾಗೆ ನೋಡಿತು. ಇದಾರೋ ಬೇರೆಯವನೆಂದು ರೆಕ್ಕೆ ತೀಡಿಕೊಳ್ಳತೊಡಗಿತು. ಮೀಸೆಯವರು ತುದಿಗಾಲಲ್ಲಿ ಬೀದಿಯ ತಿರುವಿನವರೆಗೂ ನಡೆದು, ತಿರುವು ದಾಟಿದ್ದೇ ಓಡಿದರು. ಹೊರಡಲಿದ್ದ ಬಸ್ಸು ಸಿಕ್ಕಿತು. ಕೂರಲು ಜಾಗವೂ ಸಿಕ್ಕಿತು. ಬಹಳ ದಿನಗಳ ಮೇಲೆ ಅವರು ಹಾಯಾಗಿ ಉಸಿರುಬಿಟ್ಟರು. ಗಾಳಿ ನಿಜಕ್ಕೂ ಸರಾಗವಾಗಿ ಆಡುತ್ತಿತ್ತು.

ಕಚೇರಿಯ ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. "ಪಾರ್ಸೆಲ್ ಬಿಡಿಸ್ಕೊಳ್ಳೋರು ಆ ಕಡೆ ಕಿಟಕಿಗೆ ಹೋಗಿ ಸಾರ್."

"ನಾನು ಕಣಪ್ಪಾ!"

"ನಾನು ಅಂದ್ರೆ?" ಎಂದವನು ಧ್ವನಿ ಗುರುತು ಹಿಡಿದು ಗಾಬರಿಬಿದ್ದ. "ಅಯ್ಯೋ ಸಾರ್! ಏನಾಯ್ತು? ಮನೇಲಿ ಎಲ್ಲ ಕ್ಷೇಮ ತಾನೇ?"

ಕಾವಲುಗಾರನಿಗೆ ಧ್ವನಿ ಸಾಕಾಯಿತು. ಯಂತ್ರಕ್ಕೆ ಸಾಕಾಗಲಿಲ್ಲ. ಮೀಸೆಯವರು ಅದರ ಮುಂದೆ ನಿಂತರು. "ಮುಖ ಗುರುತಾಗಲಿಲ್ಲ" ಎಂದಿತು ಯಂತ್ರದೊಳಗಿನ ಹೆಣ್ಣುದನಿ, ಬಹಳ ಮರ್ಯಾದೆಯಿಂದ. ಇನ್ನೂ ಹತ್ತಿರ ಹೋದರು. "ಮುಖ ಗುರುತಾಗಲಿಲ್ಲ." ನಕ್ಕು ನೋಡಿದರು. ಮುಖ ಗಂಟಿಕ್ಕಿ ನೋಡಿದರು. ತಮ್ಮ ಮುಖ ತಮ್ಮದೇ ಎಂದು ಒಂದು ಪೆಟ್ಟಿಗೆಗೆ ಸಾಬೀತು ಮಾಡಬೇಕಾದ ಗತಿ ಯಾರಿಗೂ ಬೇಡ. ಕಿತ್ತು ಪುಡಿ ಮಾಡಬೇಕೆನ್ನಿಸಿತು. ಕೈಗಳನ್ನು ಜೇಬಿನೊಳಗೆ ಹಾಕಿಕೊಂಡರು.

"ಸಾರ್, ಇದನ್ನ ಹಿಡಿದು ನೋಡಿ" ಎಂದು ಕಾವಲುಗಾರ ತನ್ನ ಬೂಟ್ ಪಾಲಿಶ್ ಬ್ರಶ್ಶನ್ನೇ ತಂದುಕೊಟ್ಟ. ಮೂಗಿನ ಕೆಳಗೆ ಹಿಡಿದರು.

"ಮುಖದ ಮುಂದಿರುವ ವಸ್ತುವನ್ನು ತೆಗೆಯಿರಿ" ಎಂದಿತು ಯಂತ್ರ.

ಕೆಂಪು ದೀಪಕ್ಕೆ ಇನ್ನು ಐದೇ ನಿಮಿಷ. ಸಾಹೇಬರು ಕೋಣೆಯಿಂದ ಹೊರಬಂದು ವಿಷಯ ಕೇಳಿದರು. "ಹೊಸ ಮುಖ ಸೇರಿಸೋದು ನನ್ನ ಕೈಲಿಲ್ಲ ಕಣ್ರೀ. ಯಂತ್ರದ ಕಂಪನಿಯವನೇ ಬರಬೇಕು, ಅವನು ಬರೋದು ಮುಂದಿನ ತಿಂಗಳು. ಅಲ್ಲೀವರೆಗೂ ಹಳೇ ಮುಖಾನೇ ಇಟ್ಕೊಳ್ಳಬೇಕಿತ್ತು ನೀವು" ಎಂದು ಹೋಗಿಬಿಟ್ಟರು.

ಮೀಸೆಯವರ ಕಣ್ಣ ಮುಂದೆ ಗೋದಾಮು ಬಂತು. ಮೆಟ್ಟಿಲ ಮೇಲೆ ಹೆಂಡತಿಯ ಲೋಟ ಒಂಟಿಯಾಗಿ ಕಂಡಿತು.

ಆಗ ತೂಕದ ಮೇಡಂ ಎದ್ದು ಬಂದಳು. ಪಾರ್ಸೆಲ್ ತೂಗುವ ಮೇಜಿನ ಹಿಂದೆ ದಿನವಿಡೀ ಒಂದು ಮಾತೂ ಆಡದೆ ಕೂರುವ ಹೆಂಗಸು. "ಅಲ್ಲಾಡಬೇಡಿ ಸಾರ್" ಎಂದು ಅವರ ಗಲ್ಲ ಹಿಡಿದು, ಕಪ್ಪು ಪೆನ್ನಿನಿಂದ ಮೂಗಿನ ಕೆಳಗೆ ಎಳೆ ಎಳೆಯಾಗಿ ಮೀಸೆ ಬರೆದಳು. ಬರೆದು, ಕೈಚೀಲದ ಪುಟ್ಟ ಕನ್ನಡಿ ತೋರಿಸಿದಳು. "ಎಡಗಡೆ ಸ್ವಲ್ಪ ಜಾಸ್ತಿ ಆಯ್ತು. ನಿಮ್ಮದು ಮೊದಲಿಂದಲೂ ಹಾಗೇ ಇತ್ತು. ನಾನು ನೋಡಿದೀನಿ."

ಮೀಸೆಯವರು ಉಸಿರು ಬಿಗಿಹಿಡಿದು ಯಂತ್ರದ ಮುಂದೆ ನಿಂತರು. ಹಸಿರು ದೀಪ!

"ಧನ್ಯವಾದಗಳು" ಎಂದಿತು ಯಂತ್ರ. ಕಾವಲುಗಾರ ಚಪ್ಪಾಳೆ ತಟ್ಟಿದ. ಮೀಸೆಯವರು ತೂಕದ ಮೇಡಂಗೆ ಎರಡೂ ಕೈ ಮುಗಿದರು.

ಊಟದ ಹೊತ್ತಿಗೆ ಅವರು ನಲ್ಲಿಯ ಹತ್ತಿರ ಮುಖ ತೊಳೆದರು. ಮೀಸೆ ಹೋಗಲಿಲ್ಲ. ಸೋಪು ಹಚ್ಚಿದರು. ತುಟಿ ಕೆಂಪಾಯಿತು, ಮೀಸೆ ಹೋಗಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರು. ಮೀಸೆಗೆ ಹೊಳಪು ಬಂತು.

ತೂಕದ ಮೇಡಂ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ಸಾರ್, ಅವಸರದಲ್ಲಿ ಕೈಗೆ ಸಿಕ್ಕಿದ್ದು ವಿಳಾಸ ಬರೆಯೋ ಪೆನ್ನು!"

ಅವಳ ತಲೆಯ ಮೇಲೆ, ಗೋಡೆಯಲ್ಲಿ, ಮೀಸೆಯವರು ತಾವೇ ಬರೆದು ಅಂಟಿಸಿದ್ದ ಕಾಗದವಿತ್ತು: 'ನಮ್ಮ ಶಾಯಿ ನೀರಿಗೆ ಅಳಿಯದು, ಎಣ್ಣೆಗೆ ಹರಡದು.'

ಸಂಜೆ ಅವರು ಕರವಸ್ತ್ರವನ್ನು ಮೂಗಿನ ಕೆಳಗೆ ಕಟ್ಟಿಕೊಂಡು ಬೀದಿಗೆ ಬಂದರು. ಬೆಳಕು ಇನ್ನೂ ಇತ್ತು. ಗೇಟಿನ ಹತ್ತಿರ ಬಂದವರು ಗಕ್ಕನೆ ನಿಂತರು. ಕಾಂಪೌಂಡ್ ಗೋಡೆಯ ಮೇಲೆ ಒಂದು ಕಾಗೆಯಲ್ಲ, ಇಡೀ ಸಂಸಾರ. ಆ ತುದಿಯಿಂದ ಈ ತುದಿಯವರೆಗೆ, ಡ್ರಿಲ್ಲಿಗೆ ನಿಂತ ಹಾಗೆ ಒಂದೇ ಸಾಲು. ಎಲ್ಲವೂ ರಸ್ತೆಯ ಆಚೆ ನೋಡುತ್ತಿದ್ದವು. ಅಲ್ಲಿ ಮೇಷ್ಟ್ರು ಬಿಸ್ಕತ್ತಿನ ಡಬ್ಬಿ ಹಿಡಿದು ನಿಂತಿದ್ದರು.

"ಯಾರದು? ಓ, ನೀವಾ! ಬನ್ನಿ ಬನ್ನಿ" ಎಂದು ಮೇಷ್ಟ್ರು ಹತ್ತಿರ ಬಂದು ದನಿ ತಗ್ಗಿಸಿದರು. "ನಿಮಗೊಂದು ಮಾತು ಹೇಳಬೇಕು. ನೀವು ಮೀಸೆ ಬೋಳಿಸ್ಕೊಂಡು ಹೋಗಿದ್ದು ನೋಡಿ ಮನಸ್ಸು ತಡೀಲಿಲ್ಲ. ಹೋದ ವಾರ ಆ ಗೂಡಿಗೆ ಬಟ್ಟೆ ಒಣಹಾಕೋ ಗಳದಿಂದ ತಿವಿದಿದ್ದು ನಾನು. ಮಧ್ಯಾಹ್ನ ಮಲಗೋಕೆ ಬಿಡ್ತಿರಲಿಲ್ಲ ಅವು. ಮರಿ ಬಿದ್ದದ್ದು ಅದಕ್ಕೇ. ತಾಯಿ ಕಾಗೆ ನನ್ನ ಮೇಲೆ ಎರಗಿ ಮೀಸೆಗೇ ಕುಕ್ಕಿದಾಗ ಗೊತ್ತಾಯ್ತು, ಅದರ ಸಿಟ್ಟೆಲ್ಲ ಮೀಸೆ ಮೇಲೆ ಅಂತ. ಅವತ್ತು ಸಂಜೇನೇ ತೆಗೆದುಬಿಟ್ಟೆ."

"ಸೆಕೆ ಅಂದ್ರಿ!" ಕರವಸ್ತ್ರದ ಹಿಂದಿನಿಂದ ಮೀಸೆಯವರು ಜೀವಮಾನದಲ್ಲಿ ಮೊದಲ ಸಲ ಕಿರುಚಿದರು.

"ತಪ್ಪಾಯ್ತು. ಅದಕ್ಕೇ ಮಧ್ಯಾಹ್ನದಿಂದ ಬಿಸ್ಕತ್ತು ಹಾಕಿ ರಾಜಿ ಮಾಡ್ಕೊಂಡಿದೀನಿ. ಅದು ತನ್ನ ಬಂಧುಬಳಗವನ್ನೆಲ್ಲ ಕರ್ಕೊಂಡು ಬಂದಿದೆ. ಇನ್ನು ನಿಮಗೆ ಭಯವೇ ಇಲ್ಲ. ಮೀಸೆ ಒಂದಿಲ್ಲದಿದ್ದರೆ ಸಾಕು, ಅವಕ್ಕೆ ಯಾರ ಮೇಲೂ ದ್ವೇಷವಿಲ್ಲ."

ಮೀಸೆಯವರು ಕರವಸ್ತ್ರದ ಗಂಟನ್ನು ಇನ್ನಷ್ಟು ಬಿಗಿಮಾಡಿ, ಗೋಡೆಯ ಪಕ್ಕದಲ್ಲೇ ಒಂದೊಂದೇ ಹೆಜ್ಜೆ ಇಟ್ಟರು. ಗೇಟು ಕಿರ್ರೆಂದಿತು. ಯಾವ ಕಾಗೆಯೂ ತಿರುಗಲಿಲ್ಲ.

ಮೆಟ್ಟಿಲ ಮೇಲೆ ಹೆಂಡತಿ ಎರಡು ಲೋಟ ಚಹಾ ಇಟ್ಟುಕೊಂಡು ಕಾದಿದ್ದಳು. ಬೆಳಗಿನಿಂದ ಅವಳಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಗಂಡನನ್ನು ಕಂಡು ಓಡಿಬಂದಳು. "ಕೆಂಪು ದೀಪ ಬಿತ್ತೇನ್ರೀ? ಇದೇನು, ಬಾಯಿಗೆ ಬಟ್ಟೆ? ಅಲ್ಲಿಗೂ ಬಂದು ಕುಕ್ಕಿತೇ? ತೋರಿಸಿ ಇಲ್ಲಿ!"

"ಬೇಡ ಕಣೇ, ಒಳಗೆ ಹೋಗೋಣ..."

ಗಾಯ ಕಂಡರೆ ಸುಮ್ಮನಿರುವ ಕೈ ಅವಳದಲ್ಲ. ಒಂದೇ ಎಳೆತಕ್ಕೆ ಕರವಸ್ತ್ರ ಬಿಚ್ಚಿದಳು. ಬಿಚ್ಚಿದವಳ ಮುಖ ಅರಳಿತು.

"ಅಯ್ಯೋ! ಮೀಸೆ!" ಎಂದು ಅವಳು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ಗೋಡೆಯ ಮೇಲಿನ ತಲೆಗಳೆಲ್ಲ ಒಟ್ಟಿಗೆ ಈ ಕಡೆ ತಿರುಗಿದವು.