ವಿಯೆಟ್ನಾಮಿನ ಕಟ್ಟಿನ ಸಾರು

ಫಕ್ಕೀರೇಶ ವಿಯೆಟ್ನಾಮಿನಲ್ಲಿ ಐದು ದಿನ ಇದ್ದು ಬಂದ. ಆ ಐದೂ ದಿನ ಅವನ ಹೊಟ್ಟೆಗೆ ಹೋದದ್ದು ಹೆಂಡತಿ ಶೈಲಾ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಬಂದವನು ಅಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವನ ಬಾಯಿ ನೋಡಿ, ತಿನ್ನಲು ಅಂಜಿದ್ದು ಹೇಳಲು ಅಂಜಲಿಲ್ಲ.

ಶಿಗ್ಗಾಂವಿಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಗೋವಿನಜೋಳದ ಬೀಜ ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿಯವರು ಹೋದ ವರ್ಷ ಪ್ರವಾಸಕ್ಕೆ ಒಯ್ದಿದ್ದರು. ಅಲ್ಲಿ ಹೋಟೆಲಿನ ಎದುರಿನ ಓಣಿ ತುಂಬ ತಿನಿಸಿನ ಅಂಗಡಿಗಳು. ಮೊಣಕಾಲೆತ್ತರದ ಕೆಂಪು ಪ್ಲಾಸ್ಟಿಕ್ ಸ್ಟೂಲು, ಹಬೆಯಾಡುವ ಹಂಡೆ, ಬಟ್ಟಲಿನಲ್ಲಿ ಉದ್ದುದ್ದ ಶಾವಿಗೆ, ಅದರ ಮೇಲೆ ಹಸಿರು ಸೊಪ್ಪು, ಲಿಂಬೆ ಹೋಳು. ಫಕ್ಕೀರೇಶ ದಿನಾ ಸಂಜೆ ಆ ಓಣಿಗೆ ಇಳಿಯುತ್ತಿದ್ದ, ಮೂಗು ತುಂಬ ವಾಸನೆ ಎಳೆದುಕೊಳ್ಳುತ್ತಿದ್ದ, "ಏನ್ ಹಾಕಿರ್ತಾರೋ ಏನೋ" ಎಂದು ಮತ್ತೆ ಕೋಣೆಗೆ ಹತ್ತುತ್ತಿದ್ದ. ಕೋಣೆಯಲ್ಲಿ ಸವಣೂರಿನ ಡೀಲರ್ ನಬೀಸಾಬ ಅದೇ ಅಂಜಿಕೆಯಿಂದ ಕಾಯುತ್ತ ಕೂತಿರುತ್ತಿದ್ದ. ಇಬ್ಬರೂ ಹಾಸಿಗೆಯ ಮೇಲೆ ಪೇಪರ್ ಹಾಸಿ ರೊಟ್ಟಿ ಮುರಿಯುತ್ತಿದ್ದರು. ಒಮ್ಮೆ ಮಾತ್ರ ಫಕ್ಕೀರೇಶ ಒಂದು ಸ್ಟೂಲಿನ ಮೇಲೆ ಕೂತು, ಯಾರೋ ಉಂಡು ಬಿಟ್ಟ ಬಟ್ಟಲು ಮುಂದಿಟ್ಟುಕೊಂಡು ಫೋಟೋ ತೆಗೆಸಿಕೊಂಡ. ಆ ಫೋಟೋ ಈಗ ಪಡಸಾಲೆಯ ಗೋಡೆಯ ಮೇಲಿದೆ.

ಊರಿಗೆ ಬಂದ ಮೇಲೆ ಆ ಖಾಲಿ ಬಟ್ಟಲು ತುಂಬುತ್ತಲೇ ಹೋಯಿತು. ಇಂಥ ಅಂಗಡಿಯಲ್ಲಿ ಇಂಥದು ತಿಂದೆ, ಅದರ ರುಚಿ ಹೀಗಿತ್ತು ಎಂದು ಅವನು ಹೇಳುತ್ತಿದ್ದರೆ ಶೈಲಾ ರೊಟ್ಟಿ ಬಡಿಯುವುದನ್ನು ಬಿಟ್ಟು ಕೇಳುತ್ತಿದ್ದಳು. ಹಾನಗಲ್ಲಿನಲ್ಲಿ ಡೀಲರುಗಳ ಮೀಟಿಂಗ್ ಆದಾಗಂತೂ ಅವನು ಒಂದು ಹೆಜ್ಜೆ ಮುಂದೆ ಹೋಗಿ, ಅಂಗಡಿಯ ಮುದುಕಿಯೊಬ್ಬಳು ತನಗೆ ಸೂಪು ಮಾಡುವುದನ್ನೇ ಕಲಿಸಿಕೊಟ್ಟಳು ಎಂದುಬಿಟ್ಟ.

ಅದೇ ಮೀಟಿಂಗಿನಲ್ಲಿ ಕಂಪನಿಯ ಮ್ಯಾನೇಜರ್ ಸಾಗರ ಸಿಟ್ಟಿನಲ್ಲಿದ್ದ. ಹೋದ ವರ್ಷ ಅಲ್ಲಿ ಮಾಡಿಸಿದ್ದ ಊಟವೆಲ್ಲ ಹಾಳಾಗಿತ್ತು, ಹೋಟೆಲಿನ ಕೋಣೆಗಳೆಲ್ಲ ಚಟ್ನಿಪುಡಿ ನಾತ ಹೊಡೆದಿದ್ದವು. "ಈ ಸಲನೂ ವಿಯೆಟ್ನಾಮಿಗೇ, ಹೆಂಡ್ರನ್ನೂ ಕರಕೊಂಡು ಹೋಗಾಕತ್ತೇವಿ. ಆದ್ರ ರೊಟ್ಟಿ ಗಂಟು ಹೊತ್ಕೊಂಡು ಬರೋರು ಮನ್ಯಾಗ ಇರ್ರಿ. ಹೋದ ಸಲ ಯಾರು ರೊಟ್ಟಿ ತಿಂದ್ರಿ, ಖರೇ ಹೇಳ್ರಿ" ಎಂದ. ನಬೀಸಾಬ ಕೈ ಎತ್ತಿದ, ಅವನ ಹೆಸರು ಹೋಯಿತು. ಫಕ್ಕೀರೇಶ ಕೈ ಎತ್ತಲಿಲ್ಲ. ಗಂಡ-ಹೆಂಡತಿ ಇಬ್ಬರ ಹೆಸರೂ ಪಟ್ಟಿಗೆ ಸೇರಿತು. ಹುಬ್ಬಳ್ಳಿಯ ಆಚೆ ಕಾಲಿಡದ ಶೈಲಾ ಪಾಸ್‌ಪೋರ್ಟ್ ಮಾಡಿಸಿದಳು, ಹಿರೇಕೆರೂರಿನ ತವರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದಳು.

ಹೊರಡಲು ಎರಡು ವಾರ ಇದ್ದಾಗ, ಒಂದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಸಾಗರನ ಫೋನ್ ಬಂತು.

"ಫಕ್ಕೀರೇಶಣ್ಣಾರ, ವಿಯೆಟ್ನಾಮಿಂದ ಲಾಮ್ ಅಂತ ವಿಜ್ಞಾನಿ ಬಂದಾರ. ಹಿರೇಬೆಂಡಿಗೇರಿಯಾಗ ನಮ್ಮ ಹೊಸ ತಳಿ ಹಚ್ಚೇವಲ್ಲ, ಅದನ್ನ ನೋಡಾಕ. ಪಾಪ, ಹತ್ತು ದಿನದಿಂದ ಅವರ ಕಡೆ ಊಟ ಸಿಕ್ಕಿಲ್ಲ. ನೀವು ಸೂಪು ಕಲ್ತು ಬಂದೀರಲ್ಲ, ಮಧ್ಯಾಹ್ನ ನಿಮ್ಮ ಮನಿಗೇ ಕರಕೊಂಡು ಬರ್ತೇನಿ. ಸವಣೂರಿಂದ ನಬೀಸಾಬರಿಗೂ ಬರ್ರಿ ಅಂದೇನಿ."

ಫೋನ್ ಇಟ್ಟ ಫಕ್ಕೀರೇಶ ಲೆಕ್ಕ ಹಾಕಿದ. ಸೂಪು ಕೆಟ್ಟರೆ ಸುಳ್ಳು ಹೊರಬೀಳುತ್ತದೆ, ಸುಳ್ಳು ಹೊರಬಿದ್ದರೆ ಶೈಲಾಳ ವಿಮಾನ ಹೋಯಿತು. ಮೇಲಾಗಿ ಕೋಣೆಯೊಳಗಿನ ಸತ್ಯ ಬಲ್ಲ ಒಬ್ಬನೇ ಸಾಕ್ಷಿ, ಖರೇ ಹೇಳಿ ಸೀಟು ಕಳಕೊಂಡವನು, ಎದುರಿಗೇ ಬಂದು ಕೂರುವವನಿದ್ದ.

ಅವನು ಮೊಬೈಲಿನಲ್ಲಿ ಆ ಸೂಪಿನ ವಿಡಿಯೋ ಹುಡುಕಿದ. ಮೊದಲ ಮಾತೇ ಎಲುಬು, ಅದೂ ಹನ್ನೆರಡು ತಾಸು ಕುದಿಸಬೇಕಂತೆ. ಕೊರಳಲ್ಲಿದ್ದ ಲಿಂಗದ ಕಾಯಿ ಮುಟ್ಟಿಕೊಂಡು ಮೊಬೈಲ್ ಬಂದ್ ಮಾಡಿದ.

ಅಷ್ಟರಲ್ಲಿ ಪಕ್ಕದ ಮನೆಯ ಮಹಾದೇವಕ್ಕ ಒಳಗೆ ಬಂದಾಗಿತ್ತು. ಈ ಓಣಿಯಲ್ಲಿ ಸುದ್ದಿ ಹುಟ್ಟುವ ಮೊದಲೇ ಆಕೆಗೆ ತಲುಪಿರುತ್ತದೆ. "ಪರದೇಶದವರು ಬರ್ತಾರಂತಲ್ಲ, ನೀ ಅಡಗಿ ಮಾಡೋದು ನೋಡಾಕ ಬಂದೆ" ಎಂದು ಒಲೆಯ ಎದುರಿಗೇ ಮಣೆ ಹಾಕಿಕೊಂಡು ಕೂತಳು.

ಫಕ್ಕೀರೇಶ ಬೋಗುಣಿ ಹಿಡಿದು ನಿಂತ. ಶೈಲಾ ಅವನ ಮುಖ ಒಮ್ಮೆ ನೋಡಿದಳು.

"ನೀವು ಅಲ್ಲೆ ಉಂಡ ಸೂಪು ಹೆಂಗಿತ್ರಿ? ಗಟ್ಟಿ ಇತ್ತೇನು?"

"ಇಲ್ಲ, ತೆಳ್ಳಗ... ಬಿಸಿ ಇತ್ತು."

"ಕಟ್ಟಿನಂಗ?"

"ಹೂಂ, ಥೇಟ್ ಕಟ್ಟಿನಂಗ."

ನಿನ್ನೆ ಅಮಾವಾಸ್ಯೆ. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟು ಬಸಿದು ಇಟ್ಟದ್ದು ಹಾಗೇ ಇತ್ತು. ಅದನ್ನೇ ಒಲೆಯ ಮೇಲಿಟ್ಟ. ಡಬ್ಬಿಯಿಂದ ಶಾವಿಗೆ ತೆಗೆದು ಬೇಯಿಸಿದ. ಕೊತ್ತಂಬರಿ ಹೆಚ್ಚಿದ, ಲಿಂಬೆಹಣ್ಣು ಕೊಯ್ದ. ವಿಯೆಟ್ನಾಮಿನ ಆ ಓಣಿಯಲ್ಲಿ ಅವನು ಖರೇ ಕಂಡದ್ದು ಶಾವಿಗೆ, ಸೊಪ್ಪು, ಲಿಂಬೆ ಇಷ್ಟೇ. ಮಸಾಲೆ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸಪ್ಪಳ ಕೇಳಿತು. ಖಾರ ಹಾಕುವುದೇ ಮರೆತುಹೋಯಿತು.

ಮಹಾದೇವಕ್ಕ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. "ಏ, ಇದೇನ ಮಾಡಿಟ್ಟಿ? ಜಡ್ಡ ಬಿದ್ದವರಿಗೆ ಕೊಡೋ ಗಂಜಿ ಆಗೇತಿ."

ಲಾಮ್ ಸಣ್ಣ ಆಳು. ಮುಖ ಬಾಡಿತ್ತು, ಕೈಯಲ್ಲಿ ನೀರಿನ ಬಾಟಲಿ. ಒಳಗೆ ಬಂದವನೇ ಗೋಡೆಯ ಫೋಟೋ ಎದುರು ನಿಂತ. ಫೋಟೋದಲ್ಲಿ ಫಕ್ಕೀರೇಶ ಆ ತಿನ್ನುವ ಕಡ್ಡಿಗಳನ್ನು ಬಲಗೈಯಲ್ಲೊಂದು, ಎಡಗೈಯಲ್ಲೊಂದು ಹಿಡಿದಿದ್ದ. ಲಾಮ್ ಅದನ್ನು ಬಹಳ ಹೊತ್ತು ನೋಡಿದ. ನಬೀಸಾಬನೂ ಬಂದು ಪಕ್ಕದಲ್ಲಿ ನಿಂತು ನೋಡಿ, ಸಣ್ಣಗೆ ಕೆಮ್ಮಿದ. ಫಕ್ಕೀರೇಶನಿಗೆ ಆ ಕೆಮ್ಮು ಎದೆಗೇ ನಾಟಿತು.

ಎಲ್ಲರೂ ಚಾಪೆಯ ಮೇಲೆ ಕೂತರು. ಶೈಲಾ ಬಟ್ಟಲು ತಂದಿಟ್ಟಳು. ಲಾಮ್ ತನ್ನ ಚೀಲದಿಂದ ಎರಡು ಜೊತೆ ಕಡ್ಡಿ ತೆಗೆದು ಒಂದು ಜೊತೆ ಫಕ್ಕೀರೇಶನ ಕೈಗೆ ಕೊಟ್ಟ.

"ನೀವು ಮೊದಲು ಚಾಲೂ ಮಾಡ್ರಿ ಅಂತಾರ" ಎಂದ ಸಾಗರ.

"ನಂದು ಇವತ್ತ ಒಪ್ಪತ್ತು ಐತ್ರಿ" ಎಂದ ಫಕ್ಕೀರೇಶ.

"ನಿಂದು ಸೋಮವಾರ ಅಲ್ಲೇನೋ? ನಿನ್ನೆ ಐದು ಹೋಳಿಗಿ ಹೊಡದಾಗ ನೆನಪಾಗಲಿಲ್ಲೇನು?" ಮಹಾದೇವಕ್ಕ ಬಾಗಿಲಿನಿಂದಲೇ ಕೇಳಿದಳು.

ದಾರಿ ಮುಚ್ಚಿತು. ಫಕ್ಕೀರೇಶ ಕಡ್ಡಿ ಹಿಡಿದ. ಶಾವಿಗೆ ಬಟ್ಟಲಿನಿಂದ ಅರ್ಧ ದಾರಿ ಏರಿ, ಜಾರಿ, ಅಂಗಿಯ ಕಿಸೆಗೆ ಬಿತ್ತು. ಸಾಗರನ ಹುಬ್ಬು ಮೇಲೇರಿತು. ಅವನು ನಬೀಸಾಬನ ಕಡೆ ತಿರುಗಿ, "ನಬೀಸಾಬರ, ಅಲ್ಲೆ ಇವರದೂ ನಿಮ್ಮದೂ ಒಂದೇ ರೂಮ್ ಅಲ್ಲ? ಇವರು ಖರೇ ಹೊರಗ ಉಣ್ತಿದ್ರೇನು?" ಎಂದ.

ಶೈಲಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ನಬೀಸಾಬ ಆಕೆಯನ್ನು ನೋಡಿದ, ಫಕ್ಕೀರೇಶನ ಕಿಸೆಯಿಂದ ನೇತಾಡುವ ಶಾವಿಗೆ ನೋಡಿದ.

"ದಿನಾ ಸಂಜಿಮುಂದ ಆ ಓಣಿಗೆ ಇಳೀತಿದ್ರು, ತಿರುಗಿ ಬರ್ತಿದ್ರು. ಇದು ನಾ ಕಣ್ಣಾರೆ ನೋಡೇನಿ" ಎಂದ.

ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಫಕ್ಕೀರೇಶನಿಗೆ ಉಸಿರು ಬಂತು.

ಅತ್ತ ಲಾಮ್ ಬಟ್ಟಲೆತ್ತಿ ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿದ. ತೆರೆದಾಗ ಕಣ್ಣಲ್ಲಿ ನೀರಿತ್ತು. ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಏನಂತಾರ?" ಶೈಲಾ ಕೇಳಿದಳು.

"ಇವರ ಅವ್ವ ಜ್ವರ ಬಂದಾಗ ಹಿಂಥಾದ್ದು ಮಾಡಿ ಕೊಡ್ತಿದ್ಳಂತ. ಹತ್ತು ದಿನ ಹೋದ ಹೋದಲ್ಲಿ ಮಿರ್ಚಿ ಭಜಿ, ಸವಣೂರ ಖಾರ, ಎಣ್ಣಿಗಾಯಿ ತಿನಿಸಿದ್ರಂತ. ಖಾರ ಇಲ್ಲದ ಊಟ ಇಂಡಿಯಾದಾಗ ಇವತ್ತೇ ಮೊದಲು ಸಿಕ್ತಂತ."

ಲಾಮ್ ಮೂರು ಬಟ್ಟಲು ಕುಡಿದ. ಮಹಾದೇವಕ್ಕ ಆಗಲೇ ಓಣಿಗೆ ಸುದ್ದಿ ಮುಟ್ಟಿಸಲು ಹೊರಟಿದ್ದಳು. ಫಕ್ಕೀರೇಶ ಗೋಡೆಗೆ ಒರಗಿ ಕೂತ. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು. ಗೆದ್ದೆ ಅಂದುಕೊಂಡ, ಪಾಪ.

ಸಾಗರ ಬಂದು ಅವನ ಕೈ ಹಿಡಿದ. "ಅಣ್ಣಾರ, ದೊಡ್ಡ ಚಿಂತಿ ಕಳದ್ರಿ. ಇವರು ಇನ್ನೂ ಒಂದು ತಿಂಗಳು ಹಿರೇಬೆಂಡಿಗೇರಿ ಹೊಲ ನೋಡ್ಕೊಬೇಕು. ಊಟ ಸೇರವಲ್ದು ಅಂತ ಹೊಂಟು ನಿಂತಿದ್ರು. ನಿಮ್ಮ ಮನ್ಯಾಗ ಆದ್ರ ಇರ್ತೇನಿ ಅನ್ನಾಕತ್ತಾರ. ನೀವಂತೂ ಅಲ್ಲಿ ಎಲ್ಲಾ ತಿಂದು ನೋಡಿ ಬಂದೀರಿ, ಮತ್ತ ಹೋಗಿ ಏನ್ ಮಾಡ್ತೀರಿ? ನಿಮ್ಮ ಸೀಟು ನಬೀಸಾಬರಿಗೆ ಕೊಡ್ತೇನಿ. ಪಾಪ, ಹೋದ ಸಲ ಏನೂ ತಿಂದಿಲ್ಲ ಅವರು. ಶೈಲಾ ವೈನಿಯವರು ಆರಾಮ ಹೋಗಿ ಬರಲಿ, ಎಂಟು ಮಂದಿ ಹೆಣ್ಮಕ್ಕಳು ಜೋಡಿ ಅದಾರ."

ಫಕ್ಕೀರೇಶನ ನಗು ಅಲ್ಲೇ ನಿಂತಿತು. "ಸಾಹೇಬರ, ಖರೇ ಹೇಳಬೇಕಂದ್ರ ನಾ ಅಲ್ಲೆ..."

"ಖರೇ ಹೇಳಬೇಕಂದ್ರ ಅವರಿಗೆ ಖುಷಿನ ಆಗೇತ್ರಿ" ಎಂದಳು ಶೈಲಾ, ಬಟ್ಟಲು ಎತ್ತುತ್ತ. "ಬಂದವರನ್ನ ಉಪಾಸ ಕಳಿಸೋ ಮಂದಿ ಅಲ್ಲ ನಾವು."

ಅವನು ಹೆಂಡತಿಯ ಮುಖ ನೋಡಿದ. ಸತ್ಯ ಹೇಳಿದರೆ ಆಕೆಯ ಸೀಟೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡ. ನಬೀಸಾಬ ಹೋಗುವಾಗ ಅವನ ಹೆಗಲು ತಟ್ಟಿ, "ಈ ಸಲ ತಿಂದೇ ಬರ್ತೇನಿ, ಅಂಜಬ್ಯಾಡ್ರಿ" ಎಂದು ಹೋದ.

ಸಂಜೆ ಶೈಲಾ ಹೊಸ ಸೂಟ್‌ಕೇಸಿನಲ್ಲಿ ಸೀರೆ ಇಟ್ಟು ನೋಡುತ್ತಿದ್ದಳು. ಫಕ್ಕೀರೇಶ ಹೊಸ್ತಿಲಲ್ಲಿ ಕೂತು ಮೆಲ್ಲಗೆ ಹೇಳಿದ, "ಗಂಟಿನ ತಪಾಸಣಿ ಏನ್ ಮಾಡಂಗಿಲ್ಲ ಅವರು. ತಳದಾಗ ಒಂದಿಪ್ಪತ್ತು ರೊಟ್ಟಿ ಇಟ್ಕೊ."

"ಬ್ಯಾಡ್ರಿ. ನಾ ಆ ಕೆಂಪು ಸ್ಟೂಲಿನ ಮ್ಯಾಲೆ ಕುಂತು ಉಣ್ಣಬೇಕು."

"ಏನ್ ಹಾಕಿರ್ತಾರೋ ಏನೋ, ಶೈಲಾ."

ಆಕೆ ಸೀರೆ ಮಡಚುವುದನ್ನು ನಿಲ್ಲಿಸಿದಳು. "ಹೋದ ವರ್ಷ ನಿಮಗ ಎಣಿಸಿ ಅರವತ್ತು ರೊಟ್ಟಿ ಕಟ್ಟಿದ್ದೆ. ಎಲ್ಲಾ ಹೊರಗ ಉಂಡೆ ಅಂದ್ರಿ. ಮನಿಗೆ ಬರೇ ರೊಟ್ಟಿ ಕಟ್ಟಿದ ಅರಬಿ ತಿರುಗಿ ಬಂತು, ಒಂದು ಚೂರೂ ಇರಲಿಲ್ಲ."

ಫಕ್ಕೀರೇಶ ಆಕೆಯ ಕಡೆ ತಿರುಗಿದ. "ಅವತ್ತೇ ಗೊತ್ತಾಗಿತ್ತೇನು ನಿನಗ? ಮತ್ತ ಯಾಕ ಸುಮ್ಮನಿದ್ದಿ?"

"ಕತಿ ಛಲೋ ಹೇಳ್ತಿದ್ರಿ. ಕೇಳಿ ಕೇಳಿ ನನಗ ಹಸಿವಿ ಆಗಿತ್ತು" ಎಂದಳು ಶೈಲಾ.

ಪಡಸಾಲೆಯಿಂದ ಲಾಮ್ ಖಾಲಿ ಬಟ್ಟಲು ಹಿಡಿದು ಬಂದು, ನಗುತ್ತ ಬಾಗಿಲಲ್ಲಿ ನಿಂತ. ಫಕ್ಕೀರೇಶ ಎದ್ದು ಹೋಗಿ ಬೇಳೆ ತೊಳೆದು ಒಲೆಯ ಮೇಲಿಟ್ಟ.