ಬಾಲ್ಕನಿಯಲ್ಲಿ ಇಪ್ಪತ್ತೊಂದು ದಿನ

ಗಂಗಾವತಿಯಿಂದ ಬಂದ ಅಕ್ಕಿಗೆ ಮನೆಯೊಳಗೆ ಪ್ರವೇಶವಿಲ್ಲವೆಂದು ಸೀತಾರಾಮರು ಅಹಮದಾಬಾದಿನ ಚಾಂದ್‌ಖೇಡಾದ ತಮ್ಮ ಕ್ವಾರ್ಟರ್ಸಿನ ಹೊಸ್ತಿಲಲ್ಲೇ ನಿಂತು ಘೋಷಿಸಿದ್ದು 1994ರ ಮೇ ತಿಂಗಳ ಮೊದಲ ಭಾನುವಾರ. ಅವರು ಸಸ್ಯ ಸಂಗರೋಧ ಕಚೇರಿಯ ಅಧಿಕಾರಿ. ಹೊರದೇಶಕ್ಕೆ ಹೊರಟ ಜೀರಿಗೆ, ಎಳ್ಳುಗಳಲ್ಲಿ ಹುಳುವಿದೆಯೇ ಎಂದು ಜರಡಿ ಹಿಡಿದು ನೋಡುವುದು, ಇಲ್ಲದಿದ್ದರೆ ಪ್ರಮಾಣಪತ್ರ ಕೊಡುವುದು, ಇದ್ದರೆ ತಡೆಯುವುದು ಅವರ ಉದ್ಯೋಗ. (ಮದುವೆಯಾದ ಹೊಸದರಲ್ಲಿ ಅತ್ತೆ ಬಡಿಸಿದ ಹುಗ್ಗಿಯನ್ನೂ ಭೂತಗನ್ನಡಿ ಹಿಡಿದೇ ಉಂಡವರೆಂಬ ಖ್ಯಾತಿ ಅವರಿಗಿದೆ.)

"ರೀ, ಅದು ಆಫ್ರಿಕಾದಿಂದ ಬಂದಿಲ್ಲ. ನಮ್ಮಣ್ಣನ ಗದ್ದೆದು," ಎಂದರು ಶಾಂತಾ.

"ಗಣಪತಿ ಭಾವನ ಮೇಲೆ ನನಗೆ ಗೌರವ ಇದೆ. ಅವರ ಮೂಟೆ ಮೇಲೆ ಅನುಮಾನ ಇದೆ. ಇಪ್ಪತ್ತೊಂದು ದಿನ ಬಾಲ್ಕನಿಯಲ್ಲಿರಲಿ. ಹುಳ ಕಾಣಿಸಿದರೆ ವಾಪಸ್."

"ಅಣ್ಣ ಕಳಿಸಿದ್ದನ್ನ ವಾಪಸ್ ಕಳಿಸಿದರೆ ಮತ್ತೆ ನಾನು ಯಾವ ಮುಖ ಹೊತ್ತು ತವರಿಗೆ ಹೋಗಲಿ?"

ಇಲಾಖೆಯ ಕೈಪಿಡಿಯಲ್ಲಿ ಹೇಳಿದಂತೆ ಸೀತಾರಾಮರು ಮೂಟೆಯ ಐದು ಕಡೆಯಿಂದ ಮಾದರಿ ತೆಗೆದು, ಜರಡಿಯಾಡಿ, 'ಜೀವಂತ ಕೀಟ: ಸೊನ್ನೆ' ಎಂದು ಮೂರು ಪ್ರತಿಗಳಲ್ಲಿ ಬರೆದು ಸಹಿ ಹಾಕಿದರು. ಒಂದು ಪ್ರತಿ ಫೈಲಿಗೆ, ಒಂದು ಮೂಟೆಗೆ, ಇನ್ನೊಂದು ಹೆಂಡತಿಗೆ. ಶಾಂತಾ ತಮ್ಮದನ್ನು ಸಾಸಿವೆ ಡಬ್ಬಿಯ ಕೆಳಗೆ ಇಟ್ಟರು.

ಎದುರು ಮನೆಯ ರುಕ್ಮಿಣಿಬೆನ್‌ಗೆ ಈ ಸಮಾರಂಭ ಅರ್ಥವಾಗಲಿಲ್ಲ. ಅವರ ಮನೆಯಲ್ಲಿ ಬೇಸಿಗೆ ಬಂದರೆ ವರ್ಷದ ಗೋಧಿ, ಅಕ್ಕಿ, ಬೇಳೆಗೆಲ್ಲ ಹರಳೆಣ್ಣೆ ಸವರಿ ಪೀಪಾಯಿಗೆ ತುಂಬುವುದು ಅಜ್ಜಿಯ ಕಾಲದ ರೂಢಿ.

"ದಿವೇಲ್ ಲಗಾ ದೋ, ಶಾಂತಾಬೆನ್. ಬಸ್, ಹೋ ಗಯಾ," ಎಂದು ಅವರು ಹರಳೆಣ್ಣೆಯ ಬಾಟಲಿಯನ್ನೇ ತಂದರು.

"ಎಣ್ಣೆ ಸವರಿದರೆ ಸಾಕ್ಷ್ಯ ಕೆಡುತ್ತೆ," ಎಂದು ಸೀತಾರಾಮರು ಬಾಟಲಿಯನ್ನು ಹಿಂದಿರುಗಿಸಿದರು. ಮೂಟೆಯ ಹತ್ತಿರ ಯಾರೂ ಸುಳಿಯಬಾರದೆಂದು ಬಾಲ್ಕನಿಗೆ ಬೀಗ ಹಾಕಿ, ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಲ್ಲಿಗೆ ಹೋಗುವ ಅಧಿಕಾರ ಅವರೊಬ್ಬರಿಗೇ. ಹೊಸದಾಗಿ ಸೇರಿದವರಿಗೆ ಪಾಠ ಮಾಡಲು ಕಚೇರಿಯಿಂದ ತಂದ ಸೀಸೆಯೊಂದನ್ನು ಅವರು ಇಟ್ಟದ್ದೂ ಅಲ್ಲೇ, ಮೂಟೆಯ ಮೇಲಿನ ಗೂಡಿನಲ್ಲಿ.

ಶಾಂತಾ ಇಪ್ಪತ್ತೊಂದು ದಿನವೂ ಅಂಗಡಿಯ ಅಕ್ಕಿಯಲ್ಲಿ ಅನ್ನ ಮಾಡಿದರು. ಪ್ರತಿ ತುತ್ತಿಗೂ ಅಣ್ಣನ ಗದ್ದೆಯನ್ನು ವರ್ಣಿಸಿದರು.

ಕೊನೆಯ ದಿನ ಬೆಳಿಗ್ಗೆ ಬೀಗ ತೆರೆದು ಮೂಟೆ ಬಿಚ್ಚಿದರೆ, ಸೊಂಡಿಲೆತ್ತಿ ನಡೆಯುವ ನುಸಿಹುಳುಗಳ ಮೆರವಣಿಗೆ. ಸೀತಾರಾಮರ ಮುಖ ಅರಳಿತು. "ನೋಡಿದೆಯಾ? ಅನುಭವ ಅಂದರೆ ಇದು." ಅಲ್ಲೇ ಕೂತು 'ಪೂಜ್ಯ ಭಾವನವರಿಗೆ, ತಮ್ಮ ಸರಕು ತಿರಸ್ಕೃತವಾಗಿದೆ' ಎಂದು ಇನ್‌ಲ್ಯಾಂಡ್ ಲೆಟರ್ ಬರೆಯತೊಡಗಿದರು.

ಶಾಂತಾ ಗೂಡಿನ ಸೀಸೆಯನ್ನು ಇಳಿಸಿ ಗಂಡನ ಮುಂದಿಟ್ಟರು. ಬಾಯಿಗೆ ಕಟ್ಟಿದ್ದ ತೆಳುಬಟ್ಟೆ ಒಂದು ಕಡೆ ಜೋತುಬಿದ್ದಿತ್ತು. ರಬ್ಬರ್ ಬ್ಯಾಂಡ್ ಅಹಮದಾಬಾದಿನ ಬಿಸಿಲಿಗೆ ಕರಗಿ ತುಂಡಾಗಿತ್ತು.

"ಇದರ ಮೇಲೇನು ಬರೆದಿದ್ದೀರಿ, ಓದಿ."

"ಅಕ್ಕಿ ನುಸಿ," ಸೀತಾರಾಮರ ದನಿ ಇಳಿಯಿತು. "ಜೀವಂತ. ನಲವತ್ತು."

"ಈಗೆಷ್ಟಿವೆ?"

ಅವರು ಸೀಸೆಯನ್ನು ಬೆಳಕಿಗೆ ಹಿಡಿದರು. "ಮೂರು."

ಶಾಂತಾ ಸಾಸಿವೆ ಡಬ್ಬಿಯ ಕೆಳಗಿನ ಕಾಗದ ತಂದು ಬಿಡಿಸಿದರು. "ಜೀವಂತ ಕೀಟ ಸೊನ್ನೆ. ಸಹಿ ನಿಮ್ಮದೇ ತಾನೆ? ಕೀಲಿಕೈಯೂ ನಿಮ್ಮದೇ."

"ಬಿಸಿಲು ಇಷ್ಟಿರುತ್ತೆ ಅಂತ…"

"ಲೆಟರ್ ಕೊಡಿ ಇಲ್ಲಿ."

ಅದು ಹರಿದು ಚೂರಾಯಿತು. ಬೆಳಗಿನಿಂದ ಸಂಜೆಯವರೆಗೆ ಸೀತಾರಾಮರು ಅಕ್ಕಿಯನ್ನು ತಾರಸಿಯ ಬಿಸಿಲಿಗೆ ಹರವಿ, ಹುಳು ಹೋದ ಮೇಲೆ ಮೊರದಲ್ಲಿ ಕೇರಿ, ಹಿಡಿಹಿಡಿಗೂ ಹರಳೆಣ್ಣೆ ಸವರಿದರು. "ಬರೋಬರ್, ಭಾಯ್, ನೀಚೇ ಭೀ," ಎಂದು ತಳದ ಅಕ್ಕಿಯನ್ನು ತೋರಿಸುತ್ತ ರುಕ್ಮಿಣಿಬೆನ್ ಮೇಲ್ವಿಚಾರಣೆ ಮಾಡಿದರು.

ಮೂಟೆ ಅಡುಗೆಮನೆಯೊಳಗೆ ಹೋಯಿತು. ಸೀತಾರಾಮರು ಕೈ ತೊಳೆದು ಹಿಂದೆಯೇ ಹೊರಟರೆ, ಬಾಗಿಲಿನಲ್ಲಿ ಶಾಂತಾ ಅಡ್ಡ ನಿಂತಿದ್ದರು. ಮೂಟೆಯ ಮೇಲೆ ಶಾಂತಾರ ಅಕ್ಷರದ ಚೀಟಿ ಅಂಟಿತ್ತು: 'ಕೀಟಮುಕ್ತ. ಅಧಿಕಾರಿಯಿಂದ ದೂರವಿಡಿ.'

"ಊಟ?" ಎಂದರು ಸೀತಾರಾಮರು.

"ಬಾಲ್ಕನಿಗೆ ಬರುತ್ತೆ. ಇಪ್ಪತ್ತೊಂದು ದಿನ."