ಬಂಡೀಪುರಕ್ಕೆ ನಿಪ್ಪಾಣಿ, ಗದಗಿನ ಮೇಲಿಂದ

ಭೂಪಟ ಕೈಗೆ ಸಿಕ್ಕರೆ ನನ್ನ ತಲೆ ನಿಲ್ಲುವುದಿಲ್ಲ. ಪುಣೆಯ ಬಿಬವೇವಾಡಿಯ ಮನೆಯಿಂದ ಕೊತ್ತಂಬರಿ ತರಲು ಹೋಗಿ ದಾರಿ ತಪ್ಪುವವನು, ಕಾಗದದ ಮೇಲೆ ಮಾತ್ರ ಎಂಥ ಘಟ್ಟವನ್ನೂ ಇಳಿದುಬಿಡುತ್ತೇನೆ. ಹಾಗಾಗಿ ಎಂಬತ್ತರ ದಶಕದ ಆರಂಭದಲ್ಲಿ ಅಪ್ಪ ಒಂದು ದಿನ ಚಹಾ ಕುಡಿಯುತ್ತ, "ತಮ್ಮಾ, ಬಂಡೀಪುರದಾಗ ಆನಿ ಅದಾವಂತ. ಒಮ್ಮೆ ನೋಡ್ಕೊಂಡು ಬರೂಣು" ಎಂದಾಗ, ದಾರಿ ಹಾಕುವ ಕೆಲಸಕ್ಕೆ ನಾನೇ ಮುಂದೆ ಬಿದ್ದೆ. ಅಪ್ಪನ ಹೊಟ್ಟೆಯಲ್ಲಿದ್ದದ್ದು ಕ್ಯಾನ್ಸರ್. ಮಳೆಗಾಲ ಕಾಣುವುದು ಕಷ್ಟವೆಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು. ಅಪ್ಪನಿಗೆ ನಾನು ಅಲ್ಸರ್ ಎಂದಿದ್ದೆ.

ಕೊನೆಯ ಪ್ರವಾಸ ಕಣ್ಣಿಗೆ ಹಬ್ಬವಾಗಲಿ ಎಂದು ಅಂಬೋಲಿ ಘಟ್ಟ ಇಳಿದು, ಕಾರವಾರದ ಕಡಲು ನೋಡಿ, ಜೋಗದ ಮೇಲಿಂದ ಮೈಸೂರು ಸೇರುವ ದಾರಿ ಹಾಕಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ಕಡಲು ಭಾಳ ಆತು. ನಿಪ್ಪಾಣಿಗೆ ಹೋಗಿ ಗದಗಿನ ಮ್ಯಾಲಿಂದ ಹೋಗೂಣು" ಎಂದರು. ಗದಗಿನಲ್ಲಿ ಬೇಸಿಗೆಯಲ್ಲಿ ನೋಡುವುದೇನು, ಬಿಸಿಲೇ? ಸಾಲದ್ದಕ್ಕೆ ಅಪ್ಪನ ತಮ್ಮ, ನಿಪ್ಪಾಣಿಯ ಕಾಕಾ, ಮನೆ ಪಾಲಾದಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟವರು. ಅಪ್ಪನ ತಂಗಿ, ಗದಗಿನ ಅತ್ತೆ, ಆ ಜಗಳದಲ್ಲಿ ಕಾಕಾನ ಪಕ್ಷ. "ಅವರ ಮನೀಗೆ ಯಾಕ ಅಪ್ಪಾ?" ಎಂದೆ. "ಅವರ ಮನೀಗೆ ಯಾರು ಹೊಂಟಾರ? ಆನಿ ನೋಡಾಕ ಹೊಂಟೇವಿ. ದಾರ್ಯಾಗ ಮನಿ ಸಿಗ್ತಾವ" ಎಂದರು. ನಾನು ಮುಖ ಊದಿಸಿಕೊಂಡು ಭೂಪಟ ಮಡಚಿದೆ.

ಗೆಳೆಯನ ಫಿಯೆಟ್ ಕಾತ್ರಜ ಘಾಟು ಹತ್ತುವಾಗಲೇ ಕುದಿಯಿತು. ನಾನಂತೂ ಮನೆ ಬಿಟ್ಟಾಗಿನಿಂದ ಕುದಿಯುತ್ತಿದ್ದೆ. ನಿಪ್ಪಾಣಿಯಲ್ಲಿ ಕಾಕಾ ಬಾಗಿಲಿಗೆ ಅಡ್ಡ ನಿಂತರು. ಅಪ್ಪ ಕಾರಿನಿಂದ ಇಳಿಯದೆ, "ಬಂಡೀಪುರಕ್ಕ ಹೊಂಟಿದ್ವಿ. ಕುಡ್ಯಾಕ ನೀರು ಕೇಳೂಣಂತ ನಿಂತ್ವಿ" ಎಂದರು. ನೀರು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ನೀರಿನ ಜೊತೆ ಬೆಲ್ಲ ಬಂತು, ಆಮೇಲೆ ಚಹಾ, ಆಮೇಲೆ ರೊಟ್ಟಿಯ ಊಟ. ಅಣ್ಣತಮ್ಮ ಪಕ್ಕಪಕ್ಕ ಕುಳಿತು, ಆನೆ ಅಟ್ಟಿಸಿಕೊಂಡು ಬಂದರೆ ಯಾವ ಕಡೆ ಓಡಬೇಕೆಂದು ಬಹಳ ಗಂಭೀರವಾಗಿ ಚರ್ಚಿಸಿದರು. ಪಾಲಿನ ಮಾತು ಯಾರೂ ಎತ್ತಲಿಲ್ಲ. "ಅಣ್ಣಾ, ಭಾಳ ಸೊರಗೀಯಲ್ಲ" ಎಂದು ಕಾಕಾ ಕೇಳಿದ್ದಕ್ಕೆ ಅಪ್ಪ, "ಪುಣೆ ನೀರು" ಎಂದು ನಕ್ಕರು. ಗದಗಿನಲ್ಲೂ ನೀರಿನಿಂದಲೇ ಶುರು. ಅತ್ತೆ ಕಾಡಿನಲ್ಲಿ ಹಸಿವಾದೀತೆಂದು ಚಕ್ಕುಲಿ ಕಟ್ಟಿಕೊಟ್ಟು, ಅಣ್ಣನ ಬೆನ್ನು ಸವರಿದರು.

ಊರು ದಾಟುತ್ತಲೇ ಅಪ್ಪ, "ಗಾಡಿ ತಿರುಗ್ಸು, ಪುಣೆಗೆ ಹೋಗೂಣು" ಎಂದರು.

"ಮತ್ತ ಆನಿ?"

"ಆನಿ ಜೋಡಿ ನಂದೇನು ಜಗಳ ಅದ?" ಎಂದು ಚಕ್ಕುಲಿ ಮುರಿದರು. "ಸಾಯಾಕ ಹತ್ತೀನಿ ಅಂತ ಹೋಗಿದ್ರ ಎಲ್ಲಾರೂ ಅಳಕೋತ ಕೂಡ್ತಿದ್ರು. ಮಾತಾಡೂದು ಎಲ್ಲಿಂದ ಆಗ್ತಿತ್ತು? ನಿನಗ ಸುಳ್ಳು ಹೇಳಾಕ ಬರೂದಿಲ್ಲ ತಮ್ಮಾ, ಕಲೀಬೇಕು."

ಗಾಡಿ ಬದಿಗೆ ನಿಲ್ಲಿಸಿ ಅತ್ತುಬಿಟ್ಟೆ. ಅಪ್ಪ ನನ್ನ ಕೈಗೂ ಒಂದು ಚಕ್ಕುಲಿ ಕೊಟ್ಟರು.

ಮಳೆ ಹಿಡಿಯುವ ಮೊದಲೇ ಅಪ್ಪ ಹೋದರು. ಹದಿಮೂರನೆಯ ದಿನದ ಊಟಕ್ಕೆ ಕಾಕಾ, ಅತ್ತೆ ಇಬ್ಬರೂ ಬಂದಿದ್ದರು. "ಆನಿ ನೋಡಿ ಅಣ್ಣಗ ಖುಷಿ ಆತೇನೋ?" ಎಂದು ಕಾಕಾ ಕೇಳಿದರು. ಆನೆ ನೋಡಲೇ ಇಲ್ಲವೆಂದರೆ ಅಪ್ಪನ ಗುಟ್ಟು ರಟ್ಟಾಗುತ್ತಿತ್ತು. ಬಿದಿರು ಮೆಳೆ, ಅದರಾಚೆ ಕೆರೆ, ಕೆಸರಿನಲ್ಲಿ ಜಾರಿ ಬಿದ್ದ ಮರಿಯಾನೆ, ಅದನ್ನು ನೋಡಿ ಮಗುವಿನಂತೆ ಕುಣಿದ ಅಪ್ಪ, ಎಲ್ಲವನ್ನೂ ಒಂದೂ ಬಿಡದೆ ವರ್ಣಿಸಿದೆ. ಕಾಕಾ ಅಳುತ್ತಲೇ ನಕ್ಕರು.

ಈಗಲೂ ಬಂಡೀಪುರದ ವಿಚಾರ ಬಂದರೆ ಬಂಧುಗಳೆಲ್ಲ ನನ್ನನ್ನೇ ಕೇಳುತ್ತಾರೆ. ನಾನು ಮಾತ್ರ ಇನ್ನೂ ಅಲ್ಲಿಗೆ ಹೋಗಿಲ್ಲ. ಹೋದರೆ, ಅಪ್ಪ ನೋಡಿದ ಆನೆಗಳು ಅಲ್ಲಿ ಇರುವುದಿಲ್ಲವಲ್ಲ.